ಕೇಸು ಕೂಗುವ ತೌಡಯ್ಯ

ಕೋರ್ಟಿನಲ್ಲಿ ಕೇಸು ಕೂಗುವ ಕೆಲಸ ಇನ್ನು ಹೆಚ್ಚು ಕಾಲ ಉಳಿಯುವಂತೆ ಕಾಣುವುದಿಲ್ಲ. ಈಗ ಕೋರ್ಟ್ ಹಾಲ್ ಬಾಗಿಲ ಮೇಲೆ ಒಂದು ಪರದೆ ಹಾಕಿದ್ದಾರೆ, ಅದರಲ್ಲಿ ಕೇಸಿನ ನಂಬರು ಬರುತ್ತದೆ. ಕೂಗುವವನ ಕೈಗೊಂದು ಮೈಕು. ಜನ ಕತ್ತೆತ್ತಿಕೊಂಡು ಪರದೆ ನೋಡುತ್ತ ನಿಂತಿರುತ್ತಾರೆ, ಓದು ಬಾರದವರು ಪಕ್ಕದವರನ್ನು ಕೇಳುತ್ತಾರೆ. ಆದರೂ ಅಟೆಂಡರ್ ಕೆಲಸಕ್ಕೆ ಹೊಸಬರು ಸೇರುತ್ತಲೇ ಇದ್ದಾರೆ, ಡಿಗ್ರಿ ಮಾಡಿದವರೂ ಸೇರುತ್ತಿದ್ದಾರೆ. ಮೊನ್ನೆ ಪೆನ್ಶನ್ ಕೆಲಸಕ್ಕೆ ಹೋಗಿದ್ದಾಗ ಅಂಥ ಒಬ್ಬರು, 'ನಿಮ್ಮ ಕಾಲದಲ್ಲಿ ಬರೀ ಕೂಗೋದೇ ಕೆಲಸ ಅಲ್ವಾ ಸಾರ್' ಅಂದರು. ಬರೀ ಕೂಗೋದೇ! ಅವತ್ತು ಬಂದ ಸಿಟ್ಟಿಗೆ ಇದನ್ನು ಬರೆಯಲು ಕೂತೆ. ಬರೆಯುತ್ತ ಸಿಟ್ಟು ಇಳಿದು ಬೇರೇನೋ ಬಂತು, ಅದನ್ನೂ ಬರೆದಿದ್ದೇನೆ.

ನಾನು ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ನಾಲ್ಕೂ ಕಡೆ ತಿರುಗಿ ತಿರುಗಿ ಕೆಲಸ ಮಾಡಿದವನು. ಕೂಗುವುದು ಅಂದರೆ ಬಾಗಿಲಲ್ಲಿ ನಿಂತು ಗಂಟಲು ಹರಿದುಕೊಳ್ಳುವುದಲ್ಲ. ಮೂರು ಸಲ ಕೂಗಿದರೂ ಕಕ್ಷಿದಾರ ಬರಲಿಲ್ಲವೆಂದರೆ ಕೇಸು ವಜಾ ಆಗಬಹುದು, ವಾರಂಟ್ ಹೊರಡಬಹುದು. ಒಬ್ಬ ಮನುಷ್ಯನ ಗತಿ ನಿಮ್ಮ ಗಂಟಲಲ್ಲಿರುತ್ತದೆ. ಆದ್ದರಿಂದ ಜನ ಎಲ್ಲಿರುತ್ತಾರೆ ಅನ್ನುವುದು ಗೊತ್ತಿರಬೇಕು. ಟೀ ಅಂಗಡಿಯಲ್ಲಿರುವವರಿಗೆ ಒಂದು ಕೂಗು, ಮರದ ಕೆಳಗೆ ತೂಕಡಿಸುತ್ತಿರುವವರಿಗೆ ಇನ್ನೊಂದು ಕೂಗು. ಪಿರಿಯಾಪಟ್ಟಣದಲ್ಲಿ ತಂಬಾಕು ಹರಾಜು ನಡೆಯುವ ಕಾಲದಲ್ಲಿ ಕೂಗಿದರೂ ಅಷ್ಟೆ, ಬಿಟ್ಟರೂ ಅಷ್ಟೆ, ಎಲ್ಲರೂ ಹರಾಜಿನಲ್ಲಿರುತ್ತಿದ್ದರು. ಕೋಟೆಯಲ್ಲಿ ಹ್ಯಾಂಡ್‌ಪೋಸ್ಟ್‌ ಕೂಡುರಸ್ತೆಯಲ್ಲಿ ಬಸ್ಸು ತಪ್ಪಿದರೆ ಅರ್ಧ ಕೋರ್ಟು ಖಾಲಿ. ಆಗ ಬೆಂಚ್ ಕ್ಲರ್ಕ್ ಕಿವಿಯಲ್ಲಿ, 'ಸ್ವಲ್ಪ ತಡೆದು ಕರೆಸಿ ಸಾರ್, ಬಸ್ಸು ಬಂದಿಲ್ಲ' ಅಂದರೆ ಅವರು ಆ ಕೇಸನ್ನು ಕಟ್ಟಿನ ಕೆಳಗೆ ಇಡುತ್ತಿದ್ದರು.

ಈಗ ನನ್ನ ಹೆಸರಿನ ವಿಷಯ. ಮೊದಲ ದಿನ ಸಾಹೇಬರ ಚೇಂಬರಿಗೆ ಹೋಗಿ ಕೈ ಮುಗಿದು ನಿಂತೆ.

"ಏನಪ್ಪ ಹೆಸರು?"

"ತೌಡಯ್ಯ ಸ್ವಾಮಿ."

ಅವರು ಕನ್ನಡಕ ತೆಗೆದರು. ಶಿರಸ್ತೇದಾರರ ಕಡೆ ತಿರುಗಿ, "ತೌಡು ಅಂದ್ರೆ ಅದೇನಾ, ಹಸುಗೆ ಹಾಕೋದು?" ಅಂದರು. ಶಿರಸ್ತೇದಾರರು ಹೌದೆಂದು ತಲೆಯಾಡಿಸಿದರು. ಆಮೇಲೆ ಹೊರಗೆ ಬಂದು ನನ್ನ ಹೆಗಲ ಮೇಲೆ ಕೈ ಹಾಕಿ, "ಒಂದು ಅಫಿಡವಿಟ್ ಮಾಡಿಸಿ ಬದಲಾಯಿಸಿಕೊಂಡು ಬಿಡ್ರೀ ಮಾರಾಯ್ರೆ, ಸರ್ಕಾರಿ ಕೆಲಸ ಸಿಕ್ಕಿದೆ, ತೇಜಸ್ಸು ಅಂತಲೋ ಏನೋ ಇಟ್ಕೊಳ್ಳಿ" ಅಂದರು. ಒಳ್ಳೆಯ ಮನುಷ್ಯರೇ. ವಕೀಲರ ಕೊಠಡಿಯಲ್ಲಿ ಮಾತ್ರ ನಾನು ಕಡತ ಹಿಡಿದು ಹೋದಾಗಲೆಲ್ಲ, 'ಬಂದರಪ್ಪ, ಇನ್ನು ತೌಡು ಕುಟ್ಟೋಣ' ಅಂತ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಏನು ಮಾಡೋದು. ಹೆಂಡತಿ ಗಂಡನ ಹೆಸರು ಹೇಳಬಾರದು ಅನ್ನುವ ಪದ್ಧತಿ ನಮ್ಮ ಮನೆಯಾಕೆಗೆ ಬಹಳ ಅನುಕೂಲವಾಗಿತ್ತು. ನನ್ನ ಮಗಳು ಕಾಲೇಜಿನಲ್ಲಿ ತನ್ನ ಹೆಸರಿನ ಜೊತೆಗಿನ 'ಟಿ' ಅಂದರೇನು ಅಂತ ಯಾರಾದರೂ ಕೇಳಿದರೆ ತಿಮ್ಮಯ್ಯ ಅನ್ನುತ್ತಿದ್ದಳಂತೆ.

ಬದಲಾಯಿಸಿಕೊಳ್ಳಲು ನನಗೆ ಆಗುತ್ತಿರಲಿಲ್ಲ. ಯಾಕೆಂದು ಹೇಳುತ್ತೇನೆ.

ನಮ್ಮೂರು ಮಿರ್ಲೆ ಕಡೆಯದು. ನನ್ನ ಹೆತ್ತವಳು ಕೆಂಪಮ್ಮ. ನನಗಿಂತ ಮುಂಚೆ ಅವಳಿಗೆ ಹುಟ್ಟಿದ ಮಕ್ಕಳು ಒಂದೂ ಉಳಿಯಲಿಲ್ಲ. ನಾನು ಹುಟ್ಟಿದಾಗ ಊರಿನ ಹೆಂಗಸರು ಸೇರಿ ಹಳೆಯ ಪದ್ಧತಿಯಂತೆ ನನ್ನನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟರು. ಪಕ್ಕದ ಮನೆಯ ನಂಜಮ್ಮ ಬಂದು ಒಂದು ಮೊರ ತೌಡು ಕೊಟ್ಟು ನನ್ನನ್ನು ಕೊಂಡುಕೊಂಡಳು. ಅಲ್ಲಿಗೆ ನಾನು ನಂಜಮ್ಮನ ಮಗ, ಆ ಕ್ರಯದ ಗುರುತಿಗೆ ಹೆಸರು ತೌಡಯ್ಯ. ಬಂದ ವಿಧಿ ಕೆಂಪಮ್ಮನ ಮನೆಯಲ್ಲಿ ಹುಡುಕಿದರೆ ಅಲ್ಲಿ ಮಗುವೇ ಇಲ್ಲ, ಇರುವುದು ತೌಡಿಗೆ ಬಂದ ಕೂಸು, ಅದನ್ನು ಯಾರು ಬಯಸುತ್ತಾರೆ? ಇದು ಅವರ ನಂಬಿಕೆ. ನಂಜಮ್ಮ ಆಮೇಲೆ ನನ್ನನ್ನು 'ಸಾಕಿ ಕೊಡು' ಅಂತ ಕೆಂಪಮ್ಮನ ಕೈಗೇ ಕೊಟ್ಟಳು. ಹೀಗೆ ಮಾಡಿದ ಮೇಲೆ ಹೆತ್ತವಳು ಮಗ ಅನ್ನಬಾರದು, ಆ ಮಗುವಿನ ಹೆಸರು ಹಿಡಿದೂ ಕರೆಯಬಾರದು. ಮಗು ಹೆತ್ತವಳನ್ನು ಅವ್ವ ಅನ್ನಬಾರದು. ನಾನು ನಂಜಮ್ಮನನ್ನು ಅವ್ವ ಅನ್ನುತ್ತಿದ್ದೆ, ಕೆಂಪಮ್ಮನನ್ನು ಚಿಕ್ಕವ್ವ ಅನ್ನುತ್ತಿದ್ದೆ.

ನಾನು ಉಣ್ಣುತ್ತಿದ್ದದ್ದು, ಮಲಗುತ್ತಿದ್ದದ್ದು ಎಲ್ಲ ಚಿಕ್ಕವ್ವನ ಮನೆಯಲ್ಲೇ. ಆದರೆ ಮುದ್ದೆ ಬೆಂದ ಮೇಲೆ, ನಾನು ಅವಳ ಒಲೆಯ ಮುಂದೆಯೇ ಕೂತಿದ್ದರೂ, ಅವಳು ಗೋಡೆಯಾಚೆಗೆ ಕೇಳುವಂತೆ ಕೂಗುತ್ತಿದ್ದಳು: "ನಂಜಮ್ಮಕ್ಕಾ, ನಿಮ್ ಉಡ್ಗಂಗೆ ಉಣ್ಣಕ್ ಏಳಿ!" ಅಲ್ಲಿಂದ ನಂಜಮ್ಮ, "ಉಣ್ಲಾ ತೌಡ" ಅಂದ ಮೇಲೆ ನನ್ನ ತಟ್ಟೆಗೆ ಮುದ್ದೆ ಬೀಳುತ್ತಿತ್ತು. ಚಿಕ್ಕವನಿದ್ದಾಗ ನನಗೆ ಇದು ಆಟವಾಗಿತ್ತು. ಸ್ವಲ್ಪ ಬುದ್ಧಿ ಬಂದ ಮೇಲೆ ಆಟ ಅನ್ನಿಸಲಿಲ್ಲ. ಬೇರೆ ಹುಡುಗರನ್ನು ಅವರವ್ವಂದಿರು ಬೀದಿಯಲ್ಲಿ ನಿಂತು 'ಬಾ ಮಗ' ಅಂತ ಕರೆಯುವಾಗ ನಾನು ನಿಂತು ಕೇಳಿಸಿಕೊಳ್ಳುತ್ತಿದ್ದೆ. ಹೆತ್ತ ಅಪ್ಪ ನಾನು ಶಾಲೆಗೆ ಸೇರುವ ಮೊದಲೇ ತೀರಿಕೊಂಡ. ಶಾಲೆಗೆ ಸೇರಿಸಿದವಳೂ ನಂಜಮ್ಮನೇ, ತಂದೆ ಹೆಸರು ಕೇಳಿದಾಗ ತನ್ನ ಗಂಡ ಬೋರೇಗೌಡರ ಹೆಸರು ಬರೆಸಿದಳು.

ಈ ಮಾರಾಟಕ್ಕೆ ಬಿಡುಗಡೆಯೂ ಇತ್ತು. ಹುಡುಗನ ಮದುವೆಯ ದಿನ ಹೆತ್ತವಳು ಒಂದು ಮೊರ ತೌಡು, ಒಂದು ಸೀರೆ ಕೊಂಡವಳಿಗೆ ವಾಪಸು ಕೊಟ್ಟರೆ ಮಗ ಮತ್ತೆ ಅವಳವನು. ನನ್ನ ಮದುವೆ ಗೊತ್ತಾದಾಗ ಚಿಕ್ಕವ್ವ ಸೀರೆ ತಂದಿಟ್ಟಿದ್ದಳು. ಮದುವೆಗೆ ಇನ್ನೇನು ಕೆಲವು ದಿನ ಇದೆ ಅನ್ನುವಾಗ ನಂಜಮ್ಮ ಗದ್ದೆಯ ಬದುವಿನ ಮೇಲೆ ಕುಸಿದು ಬಿದ್ದವಳು ಏಳಲಿಲ್ಲ. ಕೊಂಡವಳು ಇಲ್ಲದ ಮೇಲೆ ತೌಡನ್ನು ಯಾರಿಗೆ ಕೊಡುವುದು? 'ಅವರ ಮಕ್ಕಳಿಗೆ ಕೊಟ್ಟರಾಯಿತು' ಅಂತ ಊರವರು ಅಂದರು. ಚಿಕ್ಕವ್ವ ಒಪ್ಪಲಿಲ್ಲ. "ತಕ್ಕಂಡೋಳು ಅವ್ಳು. ಅವ್ಳ ಕೈಗಲ್ದೆ ಇನ್ನೊಬ್ರ ಕೈಗ್ ಕೊಟ್ರೆ ಅದು ಬುಡ್ಸಂಗಾಯ್ತದಾ?" ಅಂದಳು. ಆ ಸೀರೆಯನ್ನು ನಂಜಮ್ಮನ ಮೇಲೆ ಹೊದಿಸಿ ಕಳಿಸಿದಳು. ನನ್ನ ಮದುವೆಯಲ್ಲಿ ಪಕ್ಕದ ಮನೆಯವಳ ಹಾಗೆ ಎಲೆ ಹಾಕಿ ಬಡಿಸುತ್ತ ಓಡಾಡಿದಳು.

ಇದಿಷ್ಟೂ ನನ್ನ ಬೆನ್ನಿಗೆ ಇಟ್ಟುಕೊಂಡೇ ನಾನು ಜಡ್ಜ್ ಸಾಹೇಬರ ಬಾಗಿಲಲ್ಲಿ ನಿಂತು ಕಂಡವರ ಹೆಸರನ್ನೆಲ್ಲ ಕೂಗಿದ್ದು. ಹೆಸರು ಅನ್ನುವುದು ಜನರಿಗೆ ಎಷ್ಟು ತೊಡಕು ಕೊಡುತ್ತದೆ ಅನ್ನುವುದು ಅಲ್ಲಿ ನಿಂತರೆ ತಿಳಿಯುತ್ತದೆ.

ಒಂದು ಸಲ ಒಬ್ಬ ಹೆಂಗಸು ಸಾಕ್ಷಿ ಹೇಳಲು ಕಟಕಟೆ ಹತ್ತಿದಳು. ಗಂಡನ ಹೆಸರು ಕೇಳಿದರೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಬೆಂಚ್ ಕ್ಲರ್ಕ್ ಕೇಳಿದರು, ವಕೀಲರು ಕೇಳಿದರು, ಸಾಹೇಬರೂ ಕೇಳಿದರು. "ಅದೇ ಕಣ್ರಪ್ಪ, ನಮ್ ಸಣ್ ಮಗೀನ್ ಅಪ್ಪ" ಅನ್ನುವುದಕ್ಕಿಂತ ಮುಂದಕ್ಕೆ ಹೋಗಲಿಲ್ಲ. ಸಾಹೇಬರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ನಾನು ಬಾಗಿಲಿಗೆ ಹೋಗಿ ಕೂಗಿದೆ: "ಈಯಮ್ಮನ ಯಜಮಾನ್ರು ಯಾರ್ರೀ, ಬಂದು ನಿಮ್ ಹೆಸರು ನೀವೇ ಹೇಳೋಗಿ!" ಮೂಲೆಯಿಂದ ಒಬ್ಬ ಎದ್ದು ಬಂದು, ತನ್ನ ಹೆಸರು ಹೇಳಿ, ಹೆಂಡತಿಯನ್ನು ಒಂದು ಸಲ ದುರುಗುಟ್ಟಿ ನೋಡಿ ಹೊರಟುಹೋದ. ಕೋರ್ಟು ಗೊಳ್ಳೆಂದಿತು. ಸಾಹೇಬರೂ ಕಡತದ ಹಿಂದೆ ನಕ್ಕರು.

ಇನ್ನೊಂದು ನೆನಪು ಹಾಗೆ ನಗುವಂಥದ್ದಲ್ಲ. ವೀರನಹೊಸಹಳ್ಳಿ ಆಚೆಯ ಒಂದು ಆದಿವಾಸಿ ಹಾಡಿಯವನ ಮೇಲೆ ಕಾಡಿನಿಂದ ಏನೋ ತಂದನೆಂದು ಕೇಸಿತ್ತು. ಪ್ರತಿ ವಾಯಿದೆಗೂ ನಾನು, "ರಾಜಣ್ಣಾ, ರಾಜಣ್ಣಾ, ರಾಜಣ್ಣಾ" ಅಂತ ಕೂಗುತ್ತಿದ್ದೆ. ಯಾರೂ ಬರುತ್ತಿರಲಿಲ್ಲ. ಕೊನೆಗೆ ವಾರಂಟ್ ಹೊರಟಿತು. ಪೊಲೀಸರು ಅವನ ಹಾಡಿಗೆ ಹೋದರೆ, ಅವನು ಕೋರ್ಟಿಗೇ ಹೋಗಿದ್ದಾನೆ ಅಂತ ಹೆಂಡತಿ ಹೇಳಿದಳಂತೆ. ಬಂದು ನೋಡಿದರೆ ನನ್ನ ಬಾಗಿಲಿನ ಎದುರು ಹೊಂಗೆ ಮರದ ಬುಡದಲ್ಲಿ ಕೂತಿದ್ದ. ಅವನನ್ನು ನಾನು ಎಷ್ಟೋ ಸಲ ನೋಡಿದ್ದೆ, ಒಂದೆರಡು ಸಲ ಬೆಂಕಿಪೊಟ್ಟಣವನ್ನೂ ಈಸಿಕೊಂಡಿದ್ದೆ.

"ಯಾಕಯ್ಯ, ಕೂಗಿದ್ರೆ ಬರಬಾರ್ದಾ?" ಅಂತ ಕೇಳಿದೆ.

"ನನ್ನ ಕೂಗ್ಲೇ ಇಲ್ಲ ಸಾರ್ ನೀವು. ಯಾರೋ ರಾಜಣ್ಣನ್ನ ಕೂಗ್ತಾ ಇದ್ರಿ. ಪಾಪ, ಅವ ಒಂದಿನಾನೂ ಬರ್ನೇ ಇಲ್ಲ" ಅಂದ.

ಅವನನ್ನು ಹಾಡಿಯಲ್ಲಿ ಕರೆಯುತ್ತಿದ್ದದ್ದು ಬೊಳ್ಳ ಅಂತ. ಹಿಡಿದ ದಿನ ಯಾರೋ ತಮ್ಮ ಬಾಯಿಗೆ ಬಂದ ಹೆಸರನ್ನು ಬರೆದುಕೊಂಡಿದ್ದರು, ಅದನ್ನು ಅವನಿಗೆ ಹೇಳಿದವರೇ ಇಲ್ಲ. ಜಾಮೀನಿಗೆ ಜನ ಸಿಕ್ಕದೆ ಅವನು ಒಳಗೆ ಹೋದ. ಜೀಪು ಹತ್ತುವಾಗಲೂ ರಾಜಣ್ಣ ಯಾರೆಂದು ಪೊಲೀಸರನ್ನು ಕೇಳುತ್ತಿದ್ದ. ಅಂದಿನಿಂದ ನಾನು ಕೋರ್ಟು ಶುರುವಾಗುವ ಮುಂಚೆ ಮರದ ಕೆಳಗೆ ಒಂದು ಸುತ್ತು ಹಾಕಿ, 'ನಿಮ್ಮನ್ನ ಮನೇಲಿ ಏನಂತ ಕರೀತಾರೆ?' ಅಂತ ಒಬ್ಬೊಬ್ಬರನ್ನೇ ಕೇಳುವುದನ್ನು ರೂಢಿ ಮಾಡಿಕೊಂಡೆ. ಬಾಗಿಲಲ್ಲಿ ಆ ಹೆಸರನ್ನೂ ಸೇರಿಸಿ ಕೂಗುತ್ತಿದ್ದೆ. ಒಬ್ಬರು ಸಾಹೇಬರು, 'ಕಾಗದದಲ್ಲಿ ಇಲ್ಲದ ಹೆಸರು ಕೂಗಬೇಡಿ' ಅಂತ ಗದರಿದರು. ಅವರು ವರ್ಗವಾಗಿ ಹೋಗುವ ತನಕ ಮೆಲ್ಲಗೆ ಕೂಗಿದೆ. ಪರದೆ ನೋಡಿಕೊಂಡು ಕೆಲಸ ಮಾಡುವ ಹೊಸಬರೇ, ಈ ಒಂದು ಸುತ್ತನ್ನು ಮಾತ್ರ ಬಿಡಬೇಡಿ.

ಹೀಗೆ ಊರವರ ಹೆಸರು ಸರಿಮಾಡುತ್ತಿದ್ದವನ ಮೇಲೇ ಒಂದು ದಿನ ಕೇಸು ಬಿತ್ತು. ಹಾಕಿದವರು ನಂಜಮ್ಮನ ಮಕ್ಕಳು. ಜಗಳವೇನೂ ಇರಲಿಲ್ಲ. ಹಿರಿಯವನು ಶಿವಣ್ಣ ನಮ್ಮ ಮನೆಗೆ ಬಂದು, ಉಂಡು, ಎಲೆಯಡಿಕೆ ಹಾಕಿಕೊಂಡ ಮೇಲೆ ವಿಷಯ ಎತ್ತಿದ.

"ಬೇಜಾರ್ ಮಾಡ್ಕಬ್ಯಾಡ ಕಣ್ಲಾ ತೌಡ. ಜಮೀನು ಪಾಲು ಮಾಡ್ಕಬೇಕು. ನಿನ್ ಇಸ್ಕೂಲ್ ಸರ್ಟಿಪಿಕೇಟ್ನಾಗೆ ನಮ್ಮಪ್ಪನ ಎಸ್ರು ಅದೆ. ನೀನೇನು ಕೇಳಾಕಿಲ್ಲ ಬುಡು, ನಾಳೆ ಮಕ್ಕಳ ಕಾಲಕ್ಕೆ ತಕರಾರು ಬ್ಯಾಡ ಅಂತ ವಕೀಲ್ರು ಏಳ್ತಾವ್ರೆ. ಬೋರೇಗೌಡನ ಮಗ ಅಲ್ಲ ಅಂತ ಒಂದು ಡಿಕ್ರಿ ಮಾಡ್ಸಿಬುಡಾನ."

"ಮಾಡ್ಸಣ್ಣ" ಅಂದೆ. ಬೇಜಾರಾಗುವುದಿರಲಿ, ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು. ಯಾಕೆಂದರೆ ವಕೀಲರು, 'ಹೆತ್ತ ತಾಯಿ ಬಂದು ಇವನು ನನ್ನ ಮಗ ಅಂತ ಒಂದು ಮಾತು ಹೇಳಿದರೆ ಮುಗೀತು' ಅಂದಿದ್ದರು. ಇಷ್ಟು ವರ್ಷ ಬೀದಿಯಲ್ಲಿ ಸಿಗದ ಮಾತು ಕೋರ್ಟಿನಲ್ಲಿ, ಆಣೆ ಮಾಡಿ, ಟೈಪಾಗಿ ಸಿಗುತ್ತದೆ. ಯಾವ ಪದ್ಧತಿ ಏನೇ ಇರಲಿ, ಸರ್ಕಾರ ಕೇಳಿದರೆ ಹೇಳಲೇಬೇಕಲ್ಲ ಅಂದುಕೊಂಡೆ. ಚಿಕ್ಕವ್ವನಿಗೆ ಸಮನ್ಸು ಬಂದ ದಿನದಿಂದ ನಾನು ದಿನ ಎಣಿಸಿದೆ.

ಅವತ್ತು ರಜೆ ಹಾಕಿ, ಯೂನಿಫಾರಂ ಬಿಟ್ಟು ಬಿಳಿ ಪಂಚೆ ಉಟ್ಟು ಹೋದೆ. ಯಾವ ಕೋರ್ಟು ಅನ್ನುವುದು ಬೇಡ. ಬಾಗಿಲಲ್ಲಿದ್ದ ಅಟೆಂಡರು ನನಗೆ ಗೊತ್ತಿದ್ದವನೇ. ಅವನು ಮುಜುಗರದಿಂದ ನನ್ನ ಮುಖ ನೋಡದೆ, "ತೌಡಯ್ಯ ಬಿನ್ ಬೋರೇಗೌಡ" ಅಂತ ಕೂಗಿದ. ಅವನ ಪಕ್ಕದಲ್ಲೇ ನಿಂತಿದ್ದರೂ ನಾನು ದೂರದಿಂದ ಓಡಿ ಬಂದವನ ಹಾಗೆ, 'ಬಂದೆ ಸ್ವಾಮಿ' ಅಂತ ಕೈ ಎತ್ತಿದೆ. ಕೂಗಿಸಿಕೊಂಡವರಿಗೆ ಹೀಗಾಗುತ್ತದೆ ಅಂತ ಅಲ್ಲಿಯ ತನಕ ನನಗೆ ಗೊತ್ತಿರಲಿಲ್ಲ.

ಚಿಕ್ಕವ್ವ ಕಟಕಟೆ ಹತ್ತಿದಳು. ಜಡ್ಜ್ ಹೆಣ್ಣುಮಗಳು, ಸಮಾಧಾನದವರು.

"ಅಜ್ಜಿ, ಅಲ್ಲಿ ನಿಂತಿದ್ದಾರಲ್ಲ, ಅವರು ನಿಮಗೆ ಏನಾಗಬೇಕು?"

ಚಿಕ್ಕವ್ವ ನನ್ನ ಕಡೆ ನೋಡಲೇ ಇಲ್ಲ. "ಅವ ನಂಜಮ್ಮನ ಮಗ ಕಣವ್ವ" ಅಂದಳು.

ಶಿವಣ್ಣನ ವಕೀಲರು ತಡಬಡಿಸಿ ಎದ್ದರು. "ಅಜ್ಜಿ, ಸರಿಯಾಗಿ ಹೇಳಿ. ಹೆತ್ತವರು ನೀವಲ್ವಾ?"

"ನಂಗೆ ಮಕ್ಕಳಿಲ್ಲ ಸ್ವಾಮಿ. ಉಟ್ಟಿದ್ವು, ಉಳೀನಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಜಡ್ಜಮ್ಮ, "ದೇವರ ಮೇಲೆ ಆಣೆ ಮಾಡಿದ್ದೀರಿ, ನಿಜ ಹೇಳಬೇಕು" ಅಂದರು.

"ನಿಜಾನೇ ಏಳ್ತಾ ಇವ್ನಿ ಕಣ್ ತಾಯಿ. ತೌಡು ಕೊಟ್ಟು ತಕ್ಕಂಡವ್ಳೆ ನಂಜಮ್ಮ. ಮಾರಿದ್ಮ್ಯಾಕೆ ಮುಗೀತಲ್ಲ."

"ಮಾರಿದವರು ಯಾರು?"

"ಅವನ್ನ ಎತ್ತೋಳು."

"ಹೆತ್ತವಳು ಯಾರು ಅಜ್ಜಿ? ಅದನ್ನೇ ಕೇಳ್ತಿರೋದು ನಾವು."

ಚಿಕ್ಕವ್ವ ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಆಮೇಲೆ, "ಅವ್ಳು ಸತ್ತೋದ್ಲು ಅಂತ ಬರ್ಕಳಿ" ಅಂದಳು.

ಯಾರೂ ನಗಲಿಲ್ಲ. ಜಡ್ಜಮ್ಮ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ, "ಸಾಕು, ಇಳೀರಿ ಅಜ್ಜಿ" ಅಂದರು. ಎರಡೂ ಕಡೆಯವರು ರಾಜಿ ಬರೆದುಕೊಳ್ಳಿ ಅಂತ ಹೇಳಿದರು. ನನ್ನದೇನೂ ಹಕ್ಕಿಲ್ಲ ಅಂತ ಸಹಿ ಹಾಕಿಕೊಟ್ಟೆ. ಡಿಕ್ರಿ ಆಯಿತು. ಕೋರ್ಟಿನ ಪ್ರಕಾರ ನಾನು ನಂಜಮ್ಮನ ಮನೆಯ ಮಗನಲ್ಲ, ಕೆಂಪಮ್ಮನ ಪ್ರಕಾರ ಅವಳ ಮಗನಲ್ಲ. ಆವತ್ತಿನಷ್ಟು ಅನಾಥ ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ.

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಅವಳ ಪಕ್ಕ ಕೂತು ಕೇಳಿಯೇಬಿಟ್ಟೆ. "ಚಿಕ್ಕವ್ವ, ನನ್ ತಲೆಗೂದ್ಲು ನೋಡು, ಬೆಳ್ಳಗಾಗದೆ. ಇನ್ನೂ ಏನು ಭಯ ನಿಂಗೆ? ಒಂದೇ ಒಂದ್ಸಲ ಮಗ ಅಂದ್ರೆ ಏನ್ ಗಂಟು ಹೋಗ್ತದೆ?"

ಅವಳು ಸೆರಗಿನಲ್ಲಿ ಕಟ್ಟಿಕೊಂಡಿದ್ದ ಕಡಲೆಪುರಿಯನ್ನು ಬಿಚ್ಚಿ ನನ್ನ ಕೈಗೆ ಹಾಕಿದಳು. ನನ್ನ ಕಡೆ ನೋಡದೆ, ಬಸ್ಸು ಬರುವ ದಾರಿಯನ್ನೇ ನೋಡುತ್ತ ಹೇಳಿದಳು: "ನಂಜಮ್ಮನ ಮಗ ಬದುಕಿರ್ಬೇಕು ಅಂದ್ರೆ ಕೆಲವ್ರು ಬಾಯ್ ಮುಚ್ಕಂಡಿರ್ಬೇಕು ಕಣ್ ಉಡ್ಗ. ಇಷ್ಟೊರ್ಸ ಮುಚ್ಕಂಡಿದ್ದೋಳು ಈಗ ಬಾಯ್ ಬುಟ್ಟು, ನಾಳೆ ಏನಾರ ಆದ್ರೆ? ಆಸೆಪಟ್ಟು ಕಳ್ಕಳಕಾಯ್ತದಾ?"

ನಾನು ಕಡಲೆಪುರಿ ತಿನ್ನುತ್ತ ಅತ್ತೆ. ಅವಳು ಕಣ್ಣೊರೆಸಿಕೊಳ್ಳಲು ಸೆರಗಿನ ತುದಿ ಕೊಟ್ಟಳು.

ಆಮೇಲೆ ಅವಳನ್ನು ಕೆ.ಆರ್. ನಗರದ ನಮ್ಮ ಮನೆಗೇ ಕರೆದುಕೊಂಡು ಬಂದೆ. ಬಂದವರಿಗೆಲ್ಲ, 'ಊರಿನ ಪಕ್ಕದ್ಮನೆಯೋರು ಕಣವ್ವ, ಇರು ಅಂದವ್ರೆ, ಇವ್ನಿ' ಅಂತ ತಾನೇ ಪರಿಚಯ ಹೇಳಿಕೊಳ್ಳುತ್ತಿದ್ದಳು. ನಾನು ನಿವೃತ್ತಿಯಾದ ದಿನ ಕೋರ್ಟಿನಲ್ಲಿ ಹಾಕಿದ ಹಾರವನ್ನು ತಂದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಗೋಡೆಯ ಮೇಲಿನ ನಂಜಮ್ಮನ ಫೋಟೋಕ್ಕೆ ಹಾಕಿಸಿದಳು. ಹೋದ ವರ್ಷ ಅವಳು ತೀರಿಕೊಂಡಳು. ಕೊಳ್ಳಿ ಇಡುವುದು ತನ್ನ ಅಣ್ಣನ ಮಗನೇ ಅಂತ ಮೊದಲೇ ಎಲ್ಲರಿಗೂ ಹೇಳಿ ಇಟ್ಟಿದ್ದಳು, ಹಾಗೇ ಆಯಿತು. ನಾನು ಊರವರ ಜೊತೆ ನಿಂತಿದ್ದೆ.

ಅವಳು ಹೋಗುವ ಎರಡು ದಿನ ಮುಂಚೆ ಆಸ್ಪತ್ರೆಯಲ್ಲಿ ನಡೆದದ್ದನ್ನು ಹೇಳದಿದ್ದರೆ ಇದೆಲ್ಲ ಬರೆದೂ ಉಪಯೋಗವಿಲ್ಲ. ಮಧ್ಯಾಹ್ನ, ಊಟದ ಹೊತ್ತು. ನರ್ಸಮ್ಮ ಬಂದು ಡ್ರಿಪ್ ಬದಲಾಯಿಸುತ್ತ, "ನೀವೇ ದಿನಾ ಇರ್ತೀರಲ್ಲ. ಮಗನಾ?" ಅಂತ ನನ್ನನ್ನು ಕೇಳಿದರು.

ಚಿಕ್ಕವ್ವ ನಿದ್ದೆಯಲ್ಲಿದ್ದಾಳೆ ಅಂದುಕೊಂಡಿದ್ದೆ. ಆ ಮಾತಿಗೆ ಅವಳ ಕಣ್ಣು ತೆರೆಯಿತು. ಎದ್ದು ಕೂರಲು ಒದ್ದಾಡಿದಳು, ತುಟಿ ಅಲುಗಿತು, ಮಾತು ಹೊರಡಲಿಲ್ಲ. ಅಷ್ಟು ಭಯವನ್ನು ಯಾರ ಕಣ್ಣಲ್ಲೂ ನಾನು ನೋಡಿಲ್ಲ. ಹೌದು ಅನ್ನಲು ನನಗೆ ಎಷ್ಟು ಆಸೆಯಿತ್ತು ಅಂತ ಹೇಗೆ ಹೇಳಲಿ? ಒಂದೇ ಮಾತು. ಕೇಳಿದವರಿಗೆ ಅದು ಏನೂ ಅಲ್ಲ.

"ಅಲ್ಲ ಸಿಸ್ಟರ್" ಅಂದೆ. "ಪಕ್ಕದ ಮನೆಯವನು."

ಚಿಕ್ಕವ್ವನ ತಲೆ ಮೆಲ್ಲಗೆ ದಿಂಬಿಗೆ ಇಳಿಯಿತು. ಹೊದಿಕೆಯ ಕೆಳಗಿನಿಂದ ಅವಳ ಕೈ ಬಂದು ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು. ಆಮೇಲೆ ನರ್ಸಮ್ಮನ ಕಡೆ ತಿರುಗಿ, ಉಸಿರು ಎಳೆದು ಎಳೆದು ಹೇಳಿದಳು: "ಊ ಕಣವ್ವ. ನಂಜಮ್ಮನ ಮಗ. ಒಳ್ಳೇ ಉಡ್ಗ. ಅವರವ್ವ ಚೆನ್ನಾಗ್ ಸಾಕವ್ಳೆ."